ವಸಂತದ ಕಚಗುಳಿ: ಡಚ್ ಶಾಲೆಗೆ ಈ ಪಾಠ ಬಂದ ದಾರಿ

ನೆದರ್‌ಲೆಂಡ್ಸಿನ ಆಮ್ಸ್ಟೆಲ್‌ವೇನ್‌ನಲ್ಲೋ ಐಂಡ್‌ಹೋವನ್‌ನಲ್ಲೋ ಇರುವ ಕನ್ನಡದ ಮನೆಗಳಿಗೆ ಮಾರ್ಚ್ ಹೊತ್ತಿಗೆ ಮಗುವಿನ ಶಾಲೆಯಿಂದ ಒಂದು ಪತ್ರ ಬರಬಹುದು. ನಮ್ಮ ಶಾಲೆಯಲ್ಲಿ ಈ ಸಲ 'ಲೆಂಟೆಕ್ರೀಬೆಲ್ಸ್' ವಾರ ಮಾಡುತ್ತೇವೆ ಎಂದು ಅದರಲ್ಲಿರುತ್ತದೆ. ಡಚ್ ಭಾಷೆಯಲ್ಲಿ ಲೆಂಟೆ ಅಂದರೆ ವಸಂತ, ಕ್ರೀಬೆಲ್ಸ್ ಅಂದರೆ ಕಚಗುಳಿ. ಹೆಸರೇನೋ ಮುದ್ದಾಗಿದೆ. ಮುಂದಿನ ಸಾಲು ಓದಿದಾಗ ಎದೆ ಧಸಕ್ಕೆನ್ನುತ್ತದೆ. ದೇಹ, ಸಂಬಂಧ, ಲೈಂಗಿಕತೆಯ ಪಾಠಗಳು, ಅದೂ ನಾಲ್ಕು ವರ್ಷದ ಮಕ್ಕಳಿಂದ ಶುರು!

ಗಾಬರಿಯಾಗುವುದು ಸಹಜ. ನಮ್ಮಲ್ಲಿ ಅನೇಕರು ಹೈಸ್ಕೂಲಿನಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಮೇಷ್ಟ್ರು 'ಇದನ್ನ ನೀವೇ ಮನೇಲಿ ಓದ್ಕೊಳ್ಳಿ' ಎಂದು ಮುಂದಿನ ಪಾಠಕ್ಕೆ ಹೋದದ್ದನ್ನು ನೋಡಿದವರು. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ನಮ್ಮ ಶಾಲೆಗಳಿಗೆ ಬೇಡ ಎಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇದರ ಜೊತೆಗೆ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ವಿಡಿಯೊಗಳು ಬೇರೆ. ನೆದರ್‌ಲೆಂಡ್ಸ್ ಎಂದರೆ ಆಮ್ಸ್ಟರ್‌ಡ್ಯಾಮಿನ ಕೆಂಪು ದೀಪದ ಓಣಿ, ಅಲ್ಲಿ ಎಲ್ಲವೂ ಮುಕ್ತ, ಆದ್ದರಿಂದಲೇ ಶಾಲೆಯಲ್ಲೂ ಹೀಗೆ ಎಂದು ಜನ ಲೆಕ್ಕ ಹಾಕಿಬಿಡುತ್ತಾರೆ.

ಇತಿಹಾಸ ನೋಡಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಇದು ಬಹುಕಾಲ ಬಹಳ ಕಟ್ಟುನಿಟ್ಟಿನ, ದೈವಭಕ್ತರ ದೇಶವಾಗಿತ್ತು. ಈ ವಿಷಯವನ್ನು ಅಲ್ಲಿ ಮೊದಲು ಎತ್ತಿದ್ದು ಡಾಕ್ಟರ ಕ್ಲಿನಿಕ್ಕು, ಸಂಘಗಳು. ಆಮೇಲೆ ಚರ್ಚಿನ ಒಳಗಿನವರೇ, ಆಮೇಲೆ ಊಟದ ಮೇಜು. ಶಾಲೆ ಬಂದದ್ದು ಎಲ್ಲಕ್ಕಿಂತ ಕೊನೆಗೆ.

## ಬಡವರ ಮನೆಯ ಡಾಕ್ಟರ್

ಕತೆ ಅಲೆಟಾ ಯಾಕೋಬ್ಸ್ ಅವರಿಂದ ಶುರುವಾಗುತ್ತದೆ. ಅವರು ಹುಟ್ಟಿದ್ದು 1854ರಲ್ಲಿ, ಸಪ್ಪಮೇರ್ ಎಂಬ ಊರಿನಲ್ಲಿ. ತಂದೆ ವೈದ್ಯರು. ಹುಡುಗಿಯರು ವಿಶ್ವವಿದ್ಯಾಲಯಕ್ಕೆ ಹೋಗದ ಕಾಲ ಅದು. 17 ವರ್ಷದ ಅಲೆಟಾ 1871ರಲ್ಲಿ ಪ್ರಧಾನಿ ಥಾರ್ಬೆಕೆಗೇ ಪತ್ರ ಬರೆದು ಅನುಮತಿ ಕೇಳಿದರು. ಗ್ರೋನಿಂಗೆನ್‌ನಲ್ಲಿ ಓದಿ ದೇಶದ ಮೊದಲ ಮಹಿಳಾ ವೈದ್ಯೆಯಾದರು.

ಆಮ್ಸ್ಟರ್‌ಡ್ಯಾಮಿನಲ್ಲಿ ಅವರು ಬಡ ಹೆಂಗಸರನ್ನು ಉಚಿತವಾಗಿ ನೋಡುತ್ತಿದ್ದರು. ಅಲ್ಲಿ ಕಂಡದ್ದು ಬಾಣಂತನದ ಮೇಲೆ ಬಾಣಂತನವಾಗಿ ಸೋತುಹೋದ ದೇಹಗಳು. ಇನ್ನೊಂದು ಬಸಿರು ಜೀವಕ್ಕೇ ಅಪಾಯ ಎಂದು ಗೊತ್ತಿದ್ದರೂ ತಡೆಯಲು ದಾರಿ ಇರಲಿಲ್ಲ. 1882ರಲ್ಲಿ ಮೆನ್ಸಿಂಗಾ ಎಂಬ ಜರ್ಮನ್ ವೈದ್ಯರ ಸಾಧನವೊಂದರ ಬಗ್ಗೆ ಅವರಿಗೆ ತಿಳಿಯಿತು. ಅದು ಗರ್ಭಕೋಶದ ಬಾಯಿಗೆ ಮುಚ್ಚಳದಂತೆ ಕೂರುವ ಪುಟ್ಟ ರಬ್ಬರ್ ಬಟ್ಟಲು. ಅಲೆಟಾ ಅದನ್ನು ತರಿಸಿ, ಬೇಕೆಂದ ಹೆಂಗಸರಿಗೆ ಅಳತೆ ನೋಡಿ ಕೊಡತೊಡಗಿದರು. ಮುಂದೆ ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿ ಇದಕ್ಕೆ 'ಡಚ್ ಟೋಪಿ' ಎಂದೇ ಹೆಸರಾಯಿತು. ಜಗತ್ತಿನ ಮೊದಲ ಸಂತಾನ ನಿಯಂತ್ರಣ ಕ್ಲಿನಿಕ್ ಇದೇ ಎಂದು ಅನೇಕರು ಗುರುತಿಸುತ್ತಾರೆ.

ಅಂಗಡಿಗಳಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವ ಹುಡುಗಿಯರಿಗೆ ಕೂರಲು ಕುರ್ಚಿ ಕೊಡಿ ಎಂದು ಹೋರಾಡಿದ್ದೂ ಇದೇ ಅಲೆಟಾ. ನನಗೆ ಇದು ಮುಖ್ಯ ಅನ್ನಿಸುತ್ತದೆ. ಅವರ ಕಣ್ಣಿಗೆ ಕುರ್ಚಿ, ರಬ್ಬರ್ ಬಟ್ಟಲು, ಆಮೇಲೆ ಅವರು ಮುಂದಾಳಾಗಿ ಗಳಿಸಿಕೊಟ್ಟ ಹೆಂಗಸರ ಮತದ ಹಕ್ಕು ಎಲ್ಲ ಒಂದೇ ಸಾಲಿನವು. ಹೆಂಗಸಿನ ದೇಹ ಸವೆಯುತ್ತಿದೆ, ಅದನ್ನು ನಿಲ್ಲಿಸಬೇಕು. ಡಚ್ ನೀತಿಯಲ್ಲಿ ಲೈಂಗಿಕತೆ ಆರೋಗ್ಯದ ವಿಷಯವಾಗಿ ಒಳಗೆ ಬಂದದ್ದು ಹೀಗೆ.

ಅದಕ್ಕೂ ಹಿಂದಿನ ವರ್ಷ, 1881ರಲ್ಲಿ, ಕುಟುಂಬದ ಗಾತ್ರ ಮಿತವಾಗಿರಬೇಕು ಎನ್ನುವವರ ಸಂಘವೊಂದು ಹುಟ್ಟಿತ್ತು. ಅದರ ಮುಖ್ಯ ಕಾರ್ಯಕರ್ತರಲ್ಲಿ ಒಬ್ಬರು ಡಾಕ್ಟರ್ ಯಾನ್ ರುಟ್ಗರ್ಸ್. ಅಮೆರಿಕದ ಸಂತಾನ ನಿಯಂತ್ರಣ ಹೋರಾಟಗಾರ್ತಿ ಮಾರ್ಗರೆಟ್ ಸ್ಯಾಂಗರ್ 1915ರಲ್ಲಿ ಇವರ ಬಳಿಯೇ ಬಂದು ಬಟ್ಟಲಿನ ಬಳಕೆ ಕಲಿತು ಹೋದರು. ಇದೇ ಸಂಘ 1931ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಅಲೆಟಾ ಹೆಸರಿನ ಕ್ಲಿನಿಕ್ ತೆರೆಯಿತು. ಕನ್ನಡಿಗರಿಗೆ ಇಲ್ಲೊಂದು ಹೆಮ್ಮೆಯ ಸಂಗತಿ ಇದೆ. ಮೈಸೂರು ಸಂಸ್ಥಾನ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳಿಗೆ ಒಪ್ಪಿಗೆ ಕೊಟ್ಟದ್ದು 1930ರಲ್ಲಿ, ಅಂದರೆ ಒಂದು ವರ್ಷ ಮೊದಲು!

## ಕಂಬಗಳ ಮೇಲೆ ನಿಂತ ದೇಶ

ಮುಂದಿನದು ಅರ್ಥವಾಗಬೇಕಾದರೆ ಒಂದು ಡಚ್ ಪದ ಬೇಕು: 'ಫರ್‌ಜೌಲಿಂಗ್'. 'ಕಂಬ ಕಟ್ಟಿಕೊಳ್ಳುವುದು' ಎಂದು ಅರ್ಥ. ತೊಟ್ಟಿಮನೆಯ ಕಂಬಗಳನ್ನು ನೆನಪಿಸಿಕೊಳ್ಳಿ. ಒಂದಕ್ಕೊಂದು ತಾಗುವುದಿಲ್ಲ, ಆದರೆ ಮಾಡನ್ನು ಎಲ್ಲವೂ ಸೇರಿ ಹೊತ್ತಿರುತ್ತವೆ. ಡಚ್ ಸಮಾಜ ಹಾಗಿತ್ತು. ಕ್ಯಾಥೊಲಿಕರು ಒಂದು ಕಂಬ, ಪ್ರೊಟೆಸ್ಟೆಂಟರು ಒಂದು ಕಂಬ, ಸಮಾಜವಾದಿಗಳು ಇನ್ನೊಂದು. ಒಬ್ಬೊಬ್ಬರಿಗೂ ಬೇರೆ ಶಾಲೆ, ಬೇರೆ ಪತ್ರಿಕೆ, ಬೇರೆ ರೇಡಿಯೊ. ಮನೆಗೆ ಬಂದು ಬಾಣಂತಿಯನ್ನು ನೋಡಿಕೊಳ್ಳುವ ನರ್ಸ್ ಕೂಡ ಬೇರೆ ಬೇರೆ ಸಂಘದವರು. ಕ್ಯಾಥೊಲಿಕರ ಸಂಘಕ್ಕೆ ಬಿಳಿ-ಹಳದಿ ಶಿಲುಬೆ ಎಂದು ಹೆಸರು, ಯಾವ ಪಂಥಕ್ಕೂ ಸೇರದ ಸಂಘಕ್ಕೆ ಹಸಿರು ಶಿಲುಬೆ.

ಹೆಂಗಸರಿಗೆ, ಮಕ್ಕಳಿಗೆ ಈ ವ್ಯವಸ್ಥೆಯಿಂದ ಒಳ್ಳೆಯದೂ ಆಯಿತು. ಹೇಗ್ ನಗರದಲ್ಲಿ 1901ರಲ್ಲಿ ಶುರುವಾದ ಶಿಶು ತಪಾಸಣೆ ಕೇಂದ್ರದ ಮಾದರಿ ದೇಶದ ತುಂಬ ಹರಡಿತು. ಮಗುವಿನ ತೂಕ ನೋಡಲು ಹೋಗುವುದು ಪ್ರತಿ ತಾಯಿಗೂ ಅಭ್ಯಾಸವಾಯಿತು. ಆರೋಗ್ಯದವರು ಎಂದರೆ ನಮ್ಮವರೇ ಎಂಬ ನಂಬಿಕೆ ಬೆಳೆಯಿತು.

ಕಂಬಗಳ ಬಿಗಿತವೂ ಅಷ್ಟೇ ಇತ್ತು. 1911ರಲ್ಲಿ ಕ್ಯಾಥೊಲಿಕ್ ಮಂತ್ರಿ ರೆಹೌಟ್ ಅವರು ನೀತಿ-ನಡತೆಯ ಕಾನೂನು ತಂದರು. ವೇಶ್ಯಾಗೃಹಗಳಿಗೆ ನಿಷೇಧ, ಗರ್ಭಪಾತದ ಮೇಲೆ ಇನ್ನೂ ಬಿಗಿ. ಸಲಿಂಗ ಸಂಬಂಧಕ್ಕೆ 21 ವರ್ಷದ ಮಿತಿ, ಗಂಡು-ಹೆಣ್ಣಿನ ಸಂಬಂಧಕ್ಕೆ 16 ಇದ್ದಾಗಲೂ. ಗರ್ಭನಿರೋಧಕಗಳನ್ನು ಬಳಸಬಾರದು ಎಂದೇನೂ ಕಾನೂನು ಹೇಳಲಿಲ್ಲ. ಅಂಗಡಿಯಲ್ಲಿ ಎದ್ದು ಕಾಣುವಂತೆ ಇಡಬಾರದು, ಜಾಹೀರಾತು ಕೊಡಬಾರದು, ಕೇಳದವರಿಗೆ ಕೊಡಬಾರದು ಎಂದಿತು. ಅಂದರೆ ವಸ್ತು ಇರಬಹುದು, ಅದರ ಮಾತು ಇರಬಾರದು.

## ಸದಸ್ಯರಿಗೆ ಮಾತ್ರ

ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ದೇಶವನ್ನು ಹಿಡಿದಾಗ ಹಳೆಯ ಸಂಘ ಮುಚ್ಚಿಹೋಯಿತು. 1946ರಲ್ಲಿ ಅದೇ ಜನ ಹೊಸ ಹೆಸರಿನಲ್ಲಿ ಮತ್ತೆ ಸೇರಿದರು. ಸಂಕ್ಷೇಪದಲ್ಲಿ ಎನ್‌ವಿಎಸ್‌ಎಚ್, ಬಿಡಿಸಿದರೆ 'ಲೈಂಗಿಕ ಸುಧಾರಣೆಯ ಡಚ್ ಸಂಘ'.

ಜಾಹೀರಾತಿಗೆ ನಿಷೇಧ ಇದ್ದಾಗ ಕಾಂಡೋಮ್ ಜನರಿಗೆ ತಲುಪುವುದು ಹೇಗೆ? ಸಹಕಾರ ಸಂಘದಲ್ಲಿ ಸದಸ್ಯರಿಗೆ ಮಾತ್ರ ಗೊಬ್ಬರ ಕೊಡುವುದಿಲ್ಲವೇ, ಹಾಗೆ. ವರ್ಷದ ಚಂದಾ ಕಟ್ಟಿ ಸದಸ್ಯರಾದವರಿಗೆ ಸಂಘದ ಪತ್ರಿಕೆ, ಸಾಧನಗಳು, ಕ್ಲಿನಿಕ್‌ನಲ್ಲಿ ಸಲಹೆ ಎಲ್ಲ ಸಿಗುತ್ತಿತ್ತು. ಅಂಚೆಯಲ್ಲಿ ಸದ್ದಿಲ್ಲದೆ ಮನೆಗೆ ಬರುತ್ತಿತ್ತು. 1960ರ ದಶಕದ ನಡುವಿನಲ್ಲಿ ಈ ಸಂಘಕ್ಕೆ 2 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದರು. ಆಗ ದೇಶದ ಜನಸಂಖ್ಯೆಯೇ ಸುಮಾರು 1.2 ಕೋಟಿ. ಹೊರಗೆ ಯಾರೂ ಮಾತಾಡುತ್ತಿರಲಿಲ್ಲ, ಒಳಗೆ ಲಕ್ಷಾಂತರ ಮನೆಗಳು ಸದಸ್ಯತ್ವದ ಚೀಟಿ ಇಟ್ಟುಕೊಂಡಿದ್ದವು. ಡಾಕ್ಟರ್ ರುಟ್ಗರ್ಸ್ ನೆನಪಿನಲ್ಲಿ ಇದರ ಕ್ಲಿನಿಕ್‌ಗಳಿಗೆ 'ರುಟ್ಗರ್ಸ್ ಮನೆ' ಎಂದು ಹೆಸರಾಯಿತು. ಇಂದು ಲೆಂಟೆಕ್ರೀಬೆಲ್ಸ್ ವಾರ ರೂಪಿಸುವ ಸಂಸ್ಥೆಯ ಹೆಸರೂ ರುಟ್ಗರ್ಸ್. ಬೇರು ಇದೇ.

## ಟಿವಿಯಲ್ಲಿ ಬಿಷಪ್

1960ರ ಹೊತ್ತಿಗೂ ನೆದರ್‌ಲೆಂಡ್ಸ್ ಯುರೋಪಿನಲ್ಲಿ ಮಕ್ಕಳು ಜಾಸ್ತಿ ಇರುವ ದೇಶಗಳಲ್ಲಿ ಒಂದು. ಸರಾಸರಿ ಒಬ್ಬ ಹೆಂಗಸಿಗೆ ಮೂವರಿಗೂ ಹೆಚ್ಚು ಮಕ್ಕಳು. 1954ರಲ್ಲಂತೂ ಬಿಷಪ್‌ಗಳು ಸಮಾಜವಾದಿಗಳ ರೇಡಿಯೊ ಕೇಳಬೇಡಿ ಎಂದು ಕ್ಯಾಥೊಲಿಕರಿಗೆ ಆಜ್ಞೆ ಹೊರಡಿಸಿದ್ದರು. ಅಷ್ಟು ಬಿಗಿ.

ಒಂಬತ್ತೇ ವರ್ಷದ ನಂತರ, 1963ರ ಮಾರ್ಚ್‌ನಲ್ಲಿ, ಡೆನ್ ಬಾಷ್‌ನ ಬಿಷಪ್ ಬೆಕ್ಕರ್ಸ್ ಕ್ಯಾಥೊಲಿಕರದೇ ಟಿವಿ ವಾಹಿನಿಯಲ್ಲಿ ಮಾತಾಡಿದರು. ಎಷ್ಟು ಮಕ್ಕಳು ಬೇಕು ಎನ್ನುವುದು ಗಂಡ-ಹೆಂಡತಿಯ ಮನಸ್ಸಾಕ್ಷಿಗೆ ಬಿಟ್ಟದ್ದು, ಅದನ್ನು ಬೇರೆಯವರು ತೀರ್ಮಾನಿಸಲಾಗದು ಎಂಬುದು ಅವರ ಮಾತಿನ ಸಾರ. ಧ್ವನಿ ಮೆಲು, ಭಾಷೆ ಸರಳ. ಸಾವಿರಾರು ಕ್ಯಾಥೊಲಿಕ್ ಹೆಂಗಸರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. 1968ರಲ್ಲಿ ರೋಮಿನ ಪೋಪ್ ಕೃತಕ ಗರ್ಭನಿರೋಧ ಬೇಡವೇ ಬೇಡ ಎಂದಾಗ ಡಚ್ ಕ್ಯಾಥೊಲಿಕರಲ್ಲಿ ಬಹಳಷ್ಟು ಮಂದಿ ಆಗಲೇ ಮುಂದೆ ಹೋಗಿಬಿಟ್ಟಿದ್ದರು.

ಮಾತಿನ ಜೊತೆಗೆ ಮಾತ್ರೆಯೂ ಬಂತು. ಓಸ್ ಎಂಬ ಊರಿನ ಆರ್ಗಾನಾನ್ ಕಂಪನಿ 1962ರಲ್ಲಿ ಲಿಂಡಿಯಾಲ್ ಎಂಬ ಗರ್ಭನಿರೋಧಕ ಮಾತ್ರೆ ತಂದಿತು. ಓಸ್ ಇರುವುದು ಕ್ಯಾಥೊಲಿಕರೇ ಹೆಚ್ಚಿರುವ ಬ್ರಬಾಂಟ್ ಪ್ರಾಂತ್ಯದಲ್ಲಿ, ಬೆಕ್ಕರ್ಸ್ ಅವರ ಡೆನ್ ಬಾಷ್‌ಗೆ ಹತ್ತಿರದಲ್ಲೇ.

ಮಾತ್ರೆ ಕೈಗೆ ಸಿಗುತ್ತಿದ್ದದ್ದು ಯಾರಿಂದ ಎನ್ನುವುದು ತುಂಬ ಮುಖ್ಯ. ಡಚ್ಚರಲ್ಲಿ ಪ್ರತಿಯೊಬ್ಬರಿಗೂ ಒಬ್ಬ 'ಹೌಸ್‌ಆರ್ಟ್ಸ್' ಇರುತ್ತಾರೆ. ಕುಟುಂಬದ ಡಾಕ್ಟರ್. ಅಜ್ಜಿಯ ಮಂಡಿನೋವು, ಮಗುವಿನ ಕೆಮ್ಮು ಎಲ್ಲಕ್ಕೂ ಅವರೇ. ಗರ್ಭನಿರೋಧಕ ಮಾತ್ರೆಯನ್ನೂ ಅವರೇ ಬರೆದುಕೊಟ್ಟರು. ಯಾರೂ ನೋಡದಂತೆ ದೂರದ ಊರಿನ ತಜ್ಞರ ಹತ್ತಿರ ಹೋಗಬೇಕಾಗಲಿಲ್ಲ. ಜಾಹೀರಾತು ಮತ್ತು ಮಾರಾಟದ ಹಳೆಯ ನಿರ್ಬಂಧ 1969ರಲ್ಲಿ ಹೋಯಿತು. 1971ರಿಂದ ಮಾತ್ರೆಯ ಖರ್ಚನ್ನು ಆರೋಗ್ಯ ವಿಮೆಯೇ ಭರಿಸತೊಡಗಿತು. ಸಲಿಂಗಿಗಳಿಗೆ ಬೇರೆ ವಯಸ್ಸಿನ ಮಿತಿ ಇಟ್ಟಿದ್ದ ಕಲಮು ಬಿದ್ದುಹೋದದ್ದೂ ಅದೇ ವರ್ಷ. 1973ರ ಹೊತ್ತಿಗೆ ಸರಾಸರಿ ಮಕ್ಕಳ ಸಂಖ್ಯೆ ಎರಡಕ್ಕಿಂತ ಕೆಳಗೆ ಇಳಿದಿತ್ತು.

ಗರ್ಭಪಾತದ ವಿಷಯ ಇಷ್ಟು ಸಲೀಸಾಗಿ ಬಗೆಹರಿಯಲಿಲ್ಲ. 1976ರಲ್ಲಿ ಹೇಮ್ಸ್ಟೇಡೆಯ ಬ್ಲೂಮನ್‌ಹೋವೆ ಕ್ಲಿನಿಕ್ ಅನ್ನು ಮುಚ್ಚಿಸಲು ಸರ್ಕಾರ ಹೊರಟಾಗ ಹೆಂಗಸರು ಒಳಗೆ ಹೋಗಿ ಕುಳಿತುಬಿಟ್ಟರು. ಹಲವು ಮಸೂದೆಗಳು ಬಿದ್ದ ಮೇಲೆ 1981ರಲ್ಲಿ ಕಾನೂನು ಒಂದೇ ಮತದ ಅಂತರದಲ್ಲಿ ಮೇಲ್ಮನೆ ದಾಟಿತು. ಜಾರಿಯಾದದ್ದು 1984ರಲ್ಲಿ.

## ಏಡ್ಸ್ ಬಂದಾಗ

1980ರ ದಶಕದಲ್ಲಿ ಏಡ್ಸ್ ಬಂತು. ಎಷ್ಟೋ ದೇಶಗಳಲ್ಲಿ ಇದನ್ನು 'ಅವರ' ಕಾಯಿಲೆ ಎಂದು ದೂರ ಇಡಲಾಯಿತು. ಡಚ್ಚರು ಕಾಯಿಲೆಗೆ ಹತ್ತಿರವಿದ್ದವರನ್ನೇ ಮೇಜಿಗೆ ಕರೆದರು. ಸಲಿಂಗಿಗಳ ಸಂಘಟನೆ, ರಕ್ತನಿಧಿಯವರು, ಆಮ್ಸ್ಟರ್‌ಡ್ಯಾಮ್ ನಗರದ ಆರೋಗ್ಯ ಸೇವೆಯವರು ಒಟ್ಟಿಗೆ ಕೂತು ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ತೀರ್ಮಾನಿಸಿದರು. 1984ರಲ್ಲಿ ಶುರುವಾದ ಆಮ್ಸ್ಟರ್‌ಡ್ಯಾಮ್ ಕೊಹಾರ್ಟ್ ಅಧ್ಯಯನ ಒಂದೇ ಗುಂಪಿನ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ವೈರಸ್ ಹೇಗೆ ಹರಡುತ್ತದೆ ಎಂದು ಜಗತ್ತಿಗೇ ಕಲಿಸಿತು.

ಅದೇ ವರ್ಷ ಮಾದಕ ವ್ಯಸನಿಗಳ ಸಂಘವೊಂದು ಹೊಸ ಬೇಡಿಕೆ ಇಟ್ಟಿತು: ಬಳಸಿದ ಸೂಜಿ ತೆಗೆದುಕೊಂಡು ಹೊಸ ಸೂಜಿ ಕೊಡಿ. ಆಗ ಅವರ ಭಯ ಹೆಪಟೈಟಿಸ್ ಬಿ ಬಗ್ಗೆ. ನಗರ ಒಪ್ಪಿತು. ಇದಕ್ಕೆ 'ಹಾನಿ ತಗ್ಗಿಸುವ' ನೀತಿ ಎನ್ನುತ್ತಾರೆ. ಬೈಕ್ ಬೇಡ ಅಂದರೂ ಕೇಳದ ಮಗನಿಗೆ ಕನಿಷ್ಠ ಹೆಲ್ಮೆಟ್ ಆದರೂ ಹಾಕಿಸುತ್ತೇವಲ್ಲ, ಅಂಥದ್ದು. ಬೈಕ್ ಒಳ್ಳೆಯದೆಂದು ಯಾರೂ ಹೇಳುತ್ತಿಲ್ಲ. ಜೀವ ಉಳಿಯಲಿ ಎನ್ನುತ್ತಿದ್ದಾರೆ.

ಇಲ್ಲಿ ಇನ್ನೊಂದು ಡಚ್ ಪದ ಗೊತ್ತಿರಬೇಕು: 'ಬೆಸ್ಪ್ರೇಕ್‌ಬಾರ್'. 'ಮಾತಿಗೆ ಎಟಕುವಂಥದ್ದು' ಎನ್ನಬಹುದು. ಒಂದು ಸಂಗತಿಯನ್ನು ಒಪ್ಪುವುದು ಬೇರೆ, ಅದನ್ನು ಮಾತಿಗೆ ಎಟಕಿಸುವುದು ಬೇರೆ. ಒಪ್ಪದವರೂ ಕೂತು ಮಾತಾಡಬಹುದು. ಅಮೆರಿಕ ಮತ್ತು ನೆದರ್‌ಲೆಂಡ್ಸಿನ ತಂದೆ-ತಾಯಂದಿರನ್ನು ಹೋಲಿಸಿ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಏಮಿ ಶಾಲೆಟ್ ಕಂಡದ್ದೂ ಇದನ್ನೇ. ಡಚ್ ಮನೆಗಳಲ್ಲಿ ನಿಯಮಗಳು ಇಲ್ಲದಿರಲಿಲ್ಲ. ಮಕ್ಕಳು ಸುಳ್ಳು ಹೇಳಬೇಕಾದ ಅಗತ್ಯ ಕಡಿಮೆ ಇತ್ತು.

## ಶಾಲೆ ಏಕೆ ಇಷ್ಟು ತಡ?

ಮತ್ತೆ ಕಂಬಗಳ ಕತೆಗೇ ಬರಬೇಕು. 1917ರಲ್ಲಿ ಒಂದು ದೊಡ್ಡ ರಾಜಿ ಆಯಿತು. ಧಾರ್ಮಿಕ ಶಾಲೆಗಳಿಗೂ ಸರ್ಕಾರಿ ಶಾಲೆಗಳಷ್ಟೇ ಹಣವನ್ನು ಸರ್ಕಾರ ಕೊಡಬೇಕು, ಆದರೆ ಹೇಗೆ ಕಲಿಸಬೇಕು ಎಂಬುದರಲ್ಲಿ ಕೈಹಾಕಬಾರದು ಎಂದು ಸಂವಿಧಾನದಲ್ಲೇ ಬರೆದರು. ಅದಕ್ಕೇ ಅಲ್ಲಿ 'ರಾಜ್ಯದ ಪಠ್ಯಪುಸ್ತಕ' ಎಂಬುದು ಇಲ್ಲ. ಸರ್ಕಾರ 'ಮಕ್ಕಳಿಗೆ ಇಷ್ಟು ಗೊತ್ತಿರಬೇಕು' ಎಂಬ ಮುಖ್ಯ ಗುರಿಗಳನ್ನು ಹೇಳುತ್ತದೆ. ಊಟದಲ್ಲಿ ಕಾಳು-ತರಕಾರಿ ಇರಲೇಬೇಕು ಎನ್ನಬಹುದು, ಸಾರು ಮಾಡಬೇಕೋ ಪಲ್ಯವೋ ಎನ್ನುವುದು ಅಡುಗೆಮನೆಯವರಿಗೆ ಬಿಟ್ಟದ್ದು.

ಆದ್ದರಿಂದ ಬಹುಕಾಲ ಲೈಂಗಿಕ ಶಿಕ್ಷಣ ಶಾಲೆ ಶಾಲೆಗೆ ಬೇರೆ ಇತ್ತು. ಜೀವಶಾಸ್ತ್ರದಲ್ಲಿ ಸ್ವಲ್ಪ, ಆಸಕ್ತಿ ಇರುವ ಶಿಕ್ಷಕರಿದ್ದರೆ ಇನ್ನಷ್ಟು. ಏಡ್ಸ್ ನಂತರ 'ಪ್ರೀತಿ ಚಿರಾಯುವಾಗಲಿ' ಎಂಬ ಅರ್ಥದ ಹೆಸರಿನ ಪಾಠದ ಸರಣಿ ಹೈಸ್ಕೂಲುಗಳಲ್ಲಿ ಹಬ್ಬಿತು. ಕಡ್ಡಾಯ ಎಂಬ ಮಾತು ಬಂದದ್ದು 2012ರ ಡಿಸೆಂಬರ್‌ನಲ್ಲಿ. ಪ್ರಾಥಮಿಕ ಮತ್ತು ಪ್ರೌಢಶಾಲೆಗಳು ಲೈಂಗಿಕತೆ ಮತ್ತು ಲೈಂಗಿಕ ವೈವಿಧ್ಯದ ಬಗ್ಗೆ ಗೌರವ ಬೆಳೆಸಬೇಕು ಎಂದು ಮುಖ್ಯ ಗುರಿಗೆ ಸೇರಿಸಿದರು. ಸಲಿಂಗ ಮದುವೆಗೆ ಜಗತ್ತಿನಲ್ಲೇ ಮೊದಲು ಒಪ್ಪಿಗೆ ಕೊಟ್ಟ ದೇಶದಲ್ಲಿ, ಆ ಮದುವೆ ಶುರುವಾಗಿ 11 ವರ್ಷವಾದ ಮೇಲೆ! ಅಲೆಟಾ ಕ್ಲಿನಿಕ್‌ನಿಂದ ಲೆಕ್ಕ ಹಾಕಿದರೆ 130 ವರ್ಷ.

ಈಗಲೂ ಲೆಂಟೆಕ್ರೀಬೆಲ್ಸ್ ವಾರವೇ ಕಡ್ಡಾಯವಲ್ಲ. ಅದು ರುಟ್ಗರ್ಸ್ ಮತ್ತು ಸ್ಥಳೀಯ ಆರೋಗ್ಯ ಸೇವೆಗಳು ಕೊಡುವ ಒಂದು ಆಯ್ಕೆ. ಶಾಲೆ ಬೇರೆ ಸಾಮಗ್ರಿಯನ್ನು ಬಳಸಬಹುದು.

## ನಾಲ್ಕು ವರ್ಷದ ಮಗುವಿಗೆ ಏನು ಹೇಳುತ್ತಾರೆ?

ಎಲ್ಲರಿಗೂ ಬೇಕಾದ ಪ್ರಶ್ನೆ ಇದು. ಅಲ್ಲಿ ಈ ವಿಷಯದ ಹೆಸರೇ 'ಸಂಬಂಧ ಮತ್ತು ಲೈಂಗಿಕತೆಯ ಶಿಕ್ಷಣ'. ಸಂಬಂಧ ಮೊದಲು. ಚಿಕ್ಕ ಮಕ್ಕಳಿಗೆ ದೇಹದ ಭಾಗಗಳ ಹೆಸರು, ಗೆಳೆತನ, ಪಾಪು ಎಲ್ಲಿಂದ ಬರುತ್ತದೆ ಎಂಬುದು. ಜೊತೆಗೆ ಯಾವ ಮುಟ್ಟುವಿಕೆ ಹಿತ, ಯಾವುದು ಅಹಿತ, ಅಹಿತವಾದರೆ 'ಬೇಡ' ಎನ್ನುವುದು ಹೇಗೆ, ಯಾರಿಗೆ ಹೇಳುವುದು. ತಬ್ಬಿಕೊಳ್ಳಲು ಬಂದ ನೆಂಟರಿಗೂ ಬೇಡ ಎನ್ನಬಹುದು ಎಂದು ಮಗು ಕಲಿಯುತ್ತದೆ. ಸಂಭೋಗದ ವಿವರ ಈ ವಯಸ್ಸಿನ ಪಾಠವಲ್ಲ.

ಹತ್ತು-ಹನ್ನೆರಡರ ಹೊತ್ತಿಗೆ ಮುಟ್ಟು, ದೇಹದ ಬದಲಾವಣೆ, ಮನಸ್ಸು ಯಾರನ್ನೋ ಮೆಚ್ಚುವುದು, ಆನ್‌ಲೈನ್‌ನಲ್ಲಿ ಫೋಟೊ ಕೇಳುವವರು, ಗರ್ಭ ನಿಲ್ಲುವುದು ಹೇಗೆ ಎಂಬುದು ಬರುತ್ತವೆ. ಹೈಸ್ಕೂಲಿನಲ್ಲಿ ಗರ್ಭನಿರೋಧ, ಕಾಯಿಲೆಗಳು, ಒಪ್ಪಿಗೆ. ಮಾತ್ರೆ ಮತ್ತು ಕಾಂಡೋಮ್ ಎರಡನ್ನೂ ಒಟ್ಟಿಗೆ ಬಳಸುವ ಸಲಹೆ ಎಷ್ಟು ಪ್ರಸಿದ್ಧವೆಂದರೆ ಅದಕ್ಕೆ 'ಡಬಲ್ ಡಚ್' ಎಂದೇ ಹೆಸರು. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನ ಪ್ರಕಾರ, ಬಲವಂತ ಮಾಡಿದ್ದು ಸಾಬೀತಾಗದಿದ್ದರೂ ಒಪ್ಪಿಗೆ ಇಲ್ಲದ ಸಂಭೋಗ ಅತ್ಯಾಚಾರವೇ. ಹಾಗಾಗಿ ಒಪ್ಪಿಗೆಯ ಪಾಠಕ್ಕೆ ಈಗ ಇನ್ನಷ್ಟು ತೂಕ.

## ಫಲ ಸಿಕ್ಕಿದೆಯಾ?

15ರಿಂದ 19 ವರ್ಷದ ಪ್ರತಿ 1000 ಹುಡುಗಿಯರಲ್ಲಿ ವರ್ಷಕ್ಕೆ ತಾಯಿಯಾಗುವವರು ನೆದರ್‌ಲೆಂಡ್ಸಿನಲ್ಲಿ ಮೂವರಿಗಿಂತ ಕಡಿಮೆ. ಅಮೆರಿಕದಲ್ಲಿ ಸುಮಾರು 13. ಪಾಠ ಮಾಡಿದರೆ ಮಕ್ಕಳು ಬೇಗ ಶುರು ಮಾಡುತ್ತಾರೆ ಎಂಬ ಭಯಕ್ಕೂ ಅಂಕಿಗಳಿವೆ. 25 ವರ್ಷದೊಳಗಿನವರ ದೊಡ್ಡ ಸಮೀಕ್ಷೆಯಲ್ಲಿ, ಅರ್ಧದಷ್ಟು ಯುವಜನ ಮೊದಲ ಸಂಭೋಗದ ಅನುಭವ ಪಡೆದಿದ್ದ ವಯಸ್ಸು 2012ರಲ್ಲಿ 17.1 ಇತ್ತು, 2017ರಲ್ಲಿ 18.6. ಅಂದರೆ ಮುಂದಕ್ಕೆ ಹೋಗಿದೆ.

ಎಲ್ಲ ಶ್ರೇಯಸ್ಸನ್ನೂ ಪಾಠಕ್ಕೆ ಕೊಟ್ಟರೆ ತಪ್ಪಾಗುತ್ತದೆ. ಹದಿಹರೆಯದ ಬಸಿರು 1970ರ ದಶಕದಲ್ಲೇ ತುಂಬ ಇಳಿದಿತ್ತು. ಆಗ ಶಾಲೆಯಲ್ಲಿ ಇಂಥ ಪಾಠ ಅಲ್ಲಲ್ಲಿ ಅಷ್ಟೇ. ಕುಟುಂಬದ ಡಾಕ್ಟರ್, ವಿಮೆ, ಮನೆಯ ಮಾತು, ಬಡತನ ಕಡಿಮೆ ಇದ್ದದ್ದು ಎಲ್ಲ ಸೇರಿ ಆದದ್ದು. 16 ತುಂಬಿದವರು ತಮ್ಮ ಚಿಕಿತ್ಸೆಯ ತೀರ್ಮಾನವನ್ನು ತಾವೇ ಮಾಡಬಹುದು. 25ರ ಒಳಗಿನವರಿಗೆ ಲೈಂಗಿಕ ಕಾಯಿಲೆಗಳ ಉಚಿತ ತಪಾಸಣೆಯ ವ್ಯವಸ್ಥೆ ಇದೆ. ತೊಂದರೆಗಳೂ ಇವೆ. ಇತ್ತೀಚೆಗೆ ಗೊನೋರಿಯಾ ಏರಿದೆ. ದಶಕಗಳ ಕಾಲ ಜಗತ್ತಿನಲ್ಲೇ ಕಡಿಮೆ ದರದ ಸಾಲಿನಲ್ಲಿದ್ದ ಗರ್ಭಪಾತ 2021ರಲ್ಲಿ ಸುಮಾರು 31,000 ಇದ್ದದ್ದು ಮರುವರ್ಷ 35,000 ದಾಟಿತು.

## ನಂಬಿಕೆ ಕದಲಿದಾಗ

2009ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹುಡುಗಿಯರಿಗೆ ಬಂತು. ಸರ್ಕಾರ ಎಂದಿನಂತೆ ಪತ್ರ ಕಳಿಸಿತು. ಆದರೆ ಇಂಟರ್‌ನೆಟ್‌ನಲ್ಲಿ ಹಬ್ಬಿದ ವದಂತಿ ಪತ್ರಕ್ಕಿಂತ ಮೊದಲೇ ಮನೆ ಸೇರಿತ್ತು. ಕರೆದವರಲ್ಲಿ ಅರ್ಧದಷ್ಟು ಹುಡುಗಿಯರಷ್ಟೇ ಬಂದರು. ನಂಬಿಕೆ ಇದ್ದೇ ಇರುತ್ತದೆ ಎಂದುಕೊಂಡಿದ್ದ ಅಧಿಕಾರಿಗಳಿಗೆ ಅದು ದೊಡ್ಡ ಪೆಟ್ಟು.

2023ರ ಮಾರ್ಚ್‌ನಲ್ಲಿ ಅದೇ ಗಾಳಿ ಲೆಂಟೆಕ್ರೀಬೆಲ್ಸ್ ಕಡೆಗೆ ಬೀಸಿತು. ಚಿಕ್ಕ ಮಕ್ಕಳಿಗೆ ಏನೇನೋ ತೋರಿಸುತ್ತಾರೆ ಎಂಬ ಸುಳ್ಳುಗಳು ಹರಡಿದವು. ರುಟ್ಗರ್ಸ್ ಸಿಬ್ಬಂದಿಗೆ ಬೆದರಿಕೆ ಬಂತು. ಆಗ ಹುಟ್ಟಿದ ವಿಡಿಯೊಗಳು ಇಂದಿಗೂ ಹೊಸ ಹೊಸ ಭಾಷೆಯ ಶೀರ್ಷಿಕೆ ಹೊತ್ತು ತಿರುಗುತ್ತಿವೆ. ಗಾಬರಿಗೊಂಡ ತಂದೆ-ತಾಯಿಯರ ಮೇಲೆ ನನಗೆ ಸಿಟ್ಟಿಲ್ಲ. ಮಗುವಿನ ವಿಷಯ ಅಲ್ವಾ? ಅವರಿಗೆ ಯಾರಾದರೂ ಮೊದಲೇ ಕೂತು ಹೇಳಬೇಕಿತ್ತು.

ಪತ್ರ ಕೈಗೆ ಬಂದರೆ ಮಾಡಬಹುದಾದ ಕೆಲಸ ಇದೆ. ನನ್ನ ಮಗುವಿನ ತರಗತಿಗೆ ಯಾವ ಪಾಠ ಎಂದು ಶಿಕ್ಷಕರನ್ನು ಕೇಳಿ. ಸಾಮಗ್ರಿ ತೋರಿಸಿ ಅನ್ನಿ. ಪೋಷಕರ ಸಭೆ ಇದ್ದರೆ ಹೋಗಿ, ಡಚ್ ಸರಿಯಾಗಿ ಬರದಿದ್ದರೂ ಪರವಾಗಿಲ್ಲ, ಇಂಗ್ಲಿಷಿನಲ್ಲೇ ಕೇಳಿ. ಒಪ್ಪದ ಸಂಗತಿ ಇದ್ದರೆ ಅಲ್ಲೇ ಹೇಳಿ.

ಇನ್ನೊಂದಕ್ಕೆ ಮನೆಯಲ್ಲೂ ಸ್ವಲ್ಪ ತಯಾರಿ ಬೇಕಾಗುತ್ತದೆ. ಮೂಗು, ಮೊಣಕೈ, ಹೊಕ್ಕಳು ಎಲ್ಲಕ್ಕೂ ನಮ್ಮ ಮನೆಗಳಲ್ಲಿ ಹೆಸರಿದೆ. ಹೊಕ್ಕಳಿನ ಕೆಳಗಿನದಕ್ಕೆ 'ಛೀ' ಎನ್ನುವುದು ಬಿಟ್ಟರೆ ಮಗುವಿಗೆ ಹೇಳಿಕೊಡುವ ಪದ ಬಹಳ ಮನೆಗಳಲ್ಲಿ ಇಲ್ಲ. ಪಾಠ ಕೇಳಿ ಬಂದ ಆ ಸಂಜೆ, ಶಾಲೆಯ ಚೀಲ ಇಳಿಸುತ್ತಾ ಮಗು ಡಚ್ ಪದವನ್ನು ಸರಾಗವಾಗಿ ಹೇಳಿ, 'ಅಮ್ಮಾ, ಇದಕ್ಕೆ ಕನ್ನಡದಲ್ಲಿ ಏನಂತಾರೆ?' ಎಂದು ಕೇಳಬಹುದು.